ಎಂಟು ಸಾಲು ರಾಗಿ, ಎರಡು ಸಾಲು ತೊಗರಿ

ಬೆಂಗಳೂರಿನ ಹೆಬ್ಬಾಳದಲ್ಲಿ ಬೇಸಾಯದ ಪ್ರಯೋಗಕ್ಕೆಂದು 30 ಎಕರೆ ಜಮೀನು ಸಿಕ್ಕಿದ್ದು 1899ರಲ್ಲಿ. ಕೊಟ್ಟವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಗಂಡ ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮಗನಿಗಿನ್ನೂ ಪಟ್ಟಕ್ಕೇರುವ ವಯಸ್ಸಾಗಿರಲಿಲ್ಲವಾಗಿ ರಾಜ್ಯದ ಭಾರವನ್ನು ಆ ತಾಯಿಯೇ ಹೊತ್ತಿದ್ದ ಕಾಲ ಅದು. ಆ 30 ಎಕರೆಯಲ್ಲಿ ಡಾ. ಲೆಹ್ಮನ್ ಎಂಬ ರಸಾಯನತಜ್ಞರು ಒಂದು ಸರಳ ಪ್ರಶ್ನೆ ಹಿಡಿದುಕೊಂಡು ಕೂತರು: ಈ ಸೀಮೆಯ ಮಣ್ಣಿಗೆ ಯಾವ ಗೊಬ್ಬರ ಹಾಕಿದರೆ ಬೆಳೆ ಹೇಗೆ ಬರುತ್ತದೆ? ಮೈಸೂರು ಸೀಮೆಯಲ್ಲಿ ಮಣ್ಣನ್ನು ತೂಗಿ, ಬೆಳೆಯನ್ನು ಅಳೆದು, ವರ್ಷವರ್ಷವೂ ಬರೆದಿಟ್ಟು ನೋಡುವ ಕೆಲಸ ಅಲ್ಲಿಂದ ಬೇರುಬಿಟ್ಟಿತು.

ನಾನು ಮಾಗಡಿ ಕಡೆಯ ಒಕ್ಕಲು ಮನೆಯವಳು. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು. ಈಗ ಎಲ್ಲಿ ನೋಡಿದರೂ ಸುಸ್ಥಿರ ಆಹಾರ ವ್ಯವಸ್ಥೆ, ಮುಂದಿನ ಕಾಲದ ಕೃಷಿ ಎಂಬ ಮಾತು. ಆ ಮಾತು ಬೇಕಾದದ್ದೇ. ಆದರೆ ನಮ್ಮ ಸೀಮೆಯಲ್ಲಿ ಒಂದೇ ಬೆಳೆಯ ಮೇಲೆ ನೂರಿಪ್ಪತ್ತೈದು ವರ್ಷ ಓದು, ಪ್ರಯೋಗ, ದುಡಿಮೆ ನಡೆದಿದೆ. ಅದಕ್ಕೂ ಹಿಂದೆ ಬರವಣಿಗೆ ಬಾರದವರು ನಡೆಸಿಕೊಂಡು ಬಂದ ಒಂದು ಪದ್ಧತಿಯಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಮುಂದೆ ಏನು ಮಾಡಬೇಕೆಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಆ ಬೆಳೆ ರಾಗಿ.

ನಾನು ಕಂಡ ರಾಗಿ ಹೊಲದಲ್ಲಿ ರಾಗಿ ಒಂದೇ ಇರುತ್ತಿರಲಿಲ್ಲ. ಎತ್ತು ಕಟ್ಟಿ ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಹಿಂದೆ ಒಂದು ಸಡ್ಡೆ ಹಿಡಿದು ಹೆಂಗಸರು ನಡೆಯುತ್ತಿದ್ದರು. ಮಡಿಲಲ್ಲಿ ಕಾಳು, ಕೈಯಲ್ಲಿ ಬಿದಿರಿನ ಕೊಳವೆ. ಇಷ್ಟು ಸಾಲು ರಾಗಿ ಆದ ಮೇಲೆ ಒಂದು ಸಾಲು ಅವರೆ, ಮತ್ತೊಂದು ಕಡೆ ತೊಗರಿ, ನಡುವೆ ಅಲಸಂದೆ, ಹುಚ್ಚೆಳ್ಳು, ಒಂದಿಷ್ಟು ಸಾಸಿವೆ, ಹೊಲದ ಅಂಚಿಗೆ ಹರಳು, ದನ ನುಗ್ಗದ ಹಾಗೆ ಜೋಳ. ಇದನ್ನೆಲ್ಲ ಸೇರಿಸಿ ನಮ್ಮ ಕಡೆ ಅಕ್ಕಡಿ ಸಾಲು ಎನ್ನುತ್ತಾರೆ. ಕಾಲೇಜಿನಿಂದ ಬಂದವಳು ನಾನು ಒಮ್ಮೆ ನಮ್ಮವ್ವನಿಗೆ, ರಾಗಿಯನ್ನಷ್ಟೇ ಬಿತ್ತಿದರೆ ಇಳುವರಿ ಇನ್ನೂ ಹೆಚ್ಚು ಬರುವುದಿಲ್ಲವೇ ಎಂದು ಕೇಳಿದ್ದೆ. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ರಾಗಿ ಬತ್ತದೆ ಕಣವ್ವ, ಮುದ್ದೆ ಆಯ್ತದೆ. ಸಾರಿಗೇನು ಮಾಡ್ತೀಯ?" ಅಂದಳು.

ಆ ಒಂದು ಪ್ರಶ್ನೆಯಲ್ಲಿ ಇಡೀ ಪದ್ಧತಿಯ ತರ್ಕವಿತ್ತು. ಮುದ್ದೆಗೆ ರಾಗಿ, ಸಾರಿಗೆ ಅವರೆ ತೊಗರಿ, ಚಟ್ನಿಪುಡಿಗೆ ಹುಚ್ಚೆಳ್ಳು, ಒಗ್ಗರಣೆಗೆ ಸಾಸಿವೆ, ದೀಪಕ್ಕೆ ಹರಳೆಣ್ಣೆ, ದನಕ್ಕೆ ರಾಗಿಹುಲ್ಲು. ಉಪ್ಪು, ಬಟ್ಟೆ, ಕಬ್ಬಿಣ ಬಿಟ್ಟರೆ ಹೊರಗಿನಿಂದ ತರುವುದು ಬಹಳ ಕಡಿಮೆ. ಆಹಾರ ವಿಜ್ಞಾನ ಹೇಳುವುದೂ ಇದಕ್ಕೆ ಹೊಂದುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದಂಶವಿದೆ, ನಾವು ತಿನ್ನುವ ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಆದರೆ ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಅದು ಕಾಳಿನಲ್ಲಿ ಧಾರಾಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೊನಿನ್ ರಾಗಿಯಲ್ಲಿ ಸಾಕಷ್ಟಿದೆ. ಹೊಲದಲ್ಲಿ ಜೊತೆಗೆ ನಿಂತದ್ದು ತಟ್ಟೆಯಲ್ಲೂ ಜೊತೆಗೆ ಬಂದಾಗ ಊಟ ಪೂರ್ತಿಯಾಗುತ್ತಿತ್ತು.

ಮಣ್ಣಿನ ಕಡೆಯಿಂದ ನೋಡಿದರೂ ಹಾಗೆಯೇ. ರಾಗಿಯ ಬೇರು ಮೇಲುಮೇಲಿನ ಮಣ್ಣಿನಲ್ಲಿ ದಟ್ಟವಾಗಿ ಹರಡುತ್ತದೆ, ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ಒಂದರ ನೀರಿಗೆ ಇನ್ನೊಂದು ಕೈಹಾಕುವುದಿಲ್ಲ. ತೊಗರಿ, ಅವರೆ, ಅಲಸಂದೆಯ ಬೇರುಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಹುಚ್ಚೆಳ್ಳು ಹೂಬಿಟ್ಟಾಗ ಹೊಲಕ್ಕೆ ಜೇನು ಬರುತ್ತದೆ. ರಾಗಿ ಕೊಯ್ದ ಮೇಲೂ ಅವರೆ ತೊಗರಿ ಅಲ್ಲೇ ನಿಂತು, ಉಳಿದ ತೇವಕ್ಕೂ ಇಬ್ಬನಿಗೂ ಹೂಬಿಟ್ಟು ಕಾಯಿ ಹಿಡಿಯುತ್ತವೆ. ಮಾಗಡಿ ಸೀಮೆಯ ಸೊಗಡು ಅವರೆ ಚಳಿಗಾಲದಲ್ಲಿ ಬೆಂಗಳೂರಿನ ಮಾರುಕಟ್ಟೆ ತುಂಬುವುದು ಹೀಗೆಯೇ. ಮಳೆ ಮಧ್ಯದಲ್ಲಿ ಕೈಕೊಟ್ಟು ರಾಗಿ ಜೊಳ್ಳಾದ ವರ್ಷ ತೊಗರಿಯಾದರೂ ಮನೆಗೆ ಬರುತ್ತಿತ್ತು. ಒಂದೇ ಮಳೆಯನ್ನು ನಂಬಿ ಹೊಲವೆಲ್ಲವನ್ನೂ ಪಣಕ್ಕಿಡುವುದು ಹಳಬರ ಲೆಕ್ಕದಲ್ಲಿ ತಿಳಿಗೇಡಿತನ.

ಇದು ನಮ್ಮಜ್ಜಿಯ ಕಾಲದ ಆವಿಷ್ಕಾರವಲ್ಲ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯ ಮೇಲೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಸಂಪುಟಗಳಲ್ಲಿ ಕೂರಿಗೆಯ ವಿವರವಿದೆ, ರಾಗಿಯ ನಡುವೆ ಸಾಲುಸಾಲಾಗಿ ಬೆಳೆಯುತ್ತಿದ್ದ ಅವರೆ ತೊಗರಿಗಳ ವಿವರವೂ ಇದೆ. ಕಂದಾಯ ಎಷ್ಟು ಹುಟ್ಟೀತೆಂದು ಲೆಕ್ಕ ಹಾಕಲು ಬಂದವನು ಹೊಲದ ಅಂಚಿನಲ್ಲಿ ನಿಂತು ಅಷ್ಟು ಗಮನವಿಟ್ಟು ನೋಡಿದ್ದಾನೆ. ಅವನ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಆ ಗಮನಕ್ಕೆ ಮಾತ್ರ ಗೌರವವಿದೆ.

ಪೈರು ಮೂರು ವಾರ ಬೆಳೆದ ಮೇಲೆ ಹಲುಬೆ ಹೊಡೆಯುತ್ತಿದ್ದರು. ಹಲ್ಲುಹಲ್ಲಿನ ಆ ಸಾಧನವನ್ನು ಎಳೆಯ ಪೈರಿನ ಮೇಲೆಯೇ ಎತ್ತಿನಿಂದ ಎಳೆಸುವುದನ್ನು ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಒತ್ತಾದ ಪೈರು ಕಿತ್ತುಬರುತ್ತದೆ, ಕಳೆ ಸಾಯುತ್ತದೆ, ಹೆಪ್ಪುಗಟ್ಟಿದ ಮೇಲ್ಮಣ್ಣು ಸಡಿಲವಾಗುತ್ತದೆ. ಉಳಿದ ಪೈರು ವಾರದೊಳಗೆ ತೆಂಡೆಯೊಡೆಯುತ್ತದೆ. ಹಾವೇರಿ ಕಡೆ ಗುಳಿ ರಾಗಿ ಎಂಬ ಪದ್ಧತಿಯಿದೆ. ಅಲ್ಲಿ ಚೌಕಚೌಕವಾಗಿ ಗುಳಿ ತೆಗೆದು ಸಸಿ ನೆಟ್ಟು, ಆಮೇಲೆ ಅದರ ಮೇಲೆ ಕೊರಡು ಎಳೆಸಿ ಬಗ್ಗಿಸುತ್ತಾರೆ. ಬಗ್ಗಿದ ಬುಡದಿಂದ ತೆಂಡೆ ಮೇಲೆ ತೆಂಡೆ. ಗಿಡವನ್ನು ಯಾವಾಗ ಎಷ್ಟು ನೋಯಿಸಿದರೆ ಅದು ಹಬ್ಬುತ್ತದೆ ಎಂಬುದನ್ನು ಇವರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಸುಗ್ಗಿಯಾದರೆ ಕಣ. ಸಗಣಿ ಸಾರಿಸಿದ ನೆಲ, ರೋಣಗಲ್ಲು, ತೂರಲು ಗಾಳಿಗಾಗಿ ಕಾಯುವುದು, ರಾಶಿಪೂಜೆ. ಅಳೆಯುವ ಮೊದಲು ಕಮ್ಮಾರ, ಬಡಗಿ, ಕುಂಬಾರ, ಅಗಸ, ತೋಟಿ, ತಳವಾರ ಎಲ್ಲರಿಗೂ ಆಯ ಹೋಗುತ್ತಿತ್ತು. ಈ ಆಯದ ಲೆಕ್ಕದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು, ಕಣದ ಅಂಚಿನಲ್ಲಿ ನಿಂತು ಕೈಯೊಡ್ಡಬೇಕಾದವರಿಗೆ ಅದು ಅವಮಾನದ ಊಟ. ಹಳೆಯದನ್ನು ಹೊಗಳುವಾಗ ಇದನ್ನು ಮುಚ್ಚಿಡುವವರ ಜೊತೆ ನಾನಿಲ್ಲ. ರಾಗಿ ಹೊಲದಿಂದ ಕಲಿಯಬೇಕಾದದ್ದು ಬಹಳವಿದೆ, ಕಣದ ಆ ಶ್ರೇಣಿಯಿಂದ ಕಲಿಯುವಂಥದು ಏನೂ ಇಲ್ಲ.

ಕಣದಿಂದ ರಾಗಿ ಹೋಗುತ್ತಿದ್ದುದು ಹಗೇವಿಗೆ. ಇಂದಿನ ಮಕ್ಕಳು ಹಗೇವು ಕಂಡಿರಲಾರರು, ಆದ್ದರಿಂದ ವಿವರವಾಗಿ ಹೇಳುತ್ತೇನೆ. ನೀರು ನಿಲ್ಲದ ಎತ್ತರದ ಜಾಗದಲ್ಲಿ, ಗಟ್ಟಿ ಗರಸು ನೆಲದಲ್ಲಿ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿಬಿಟ್ಟು ತೋಡಿದ ಗುಂಡಿ. ಕೆಳಗೆ ಹೋದಂತೆ ಅಗಲ. ಒಳಗೆಲ್ಲ ಒಣಗಿದ ರಾಗಿಹುಲ್ಲಿನ ಒತ್ತು ಕೊಟ್ಟು, ಚೆನ್ನಾಗಿ ಒಣಗಿಸಿದ ರಾಗಿ ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಎಳೆದು, ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಇದ್ದ ಆಮ್ಲಜನಕವೆಲ್ಲ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಹುಳು ಬದುಕುವುದಿಲ್ಲ. ಅದೇ ಕಾರಣಕ್ಕೆ ಹಗೇವು ತೆಗೆಯುವುದು ಅಪಾಯದ ಕೆಲಸ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಬಾರದು. ಈ ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡವರ ಕಥೆ ಇಲ್ಲದ ಊರು ನಮ್ಮ ಕಡೆ ಕಡಿಮೆ. ಹೀಗಿಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹತ್ತು ವರ್ಷದ ಹಳೆಯ ರಾಗಿ ಬೀಸಿ ಮುದ್ದೆ ತಿರುವಿದ್ದನ್ನು ನಮ್ಮ ತಾತ ಹೆಮ್ಮೆಯಿಂದ ಹೇಳುತ್ತಿದ್ದರು.

ಕನಕದಾಸರ ರಾಮಧಾನ್ಯ ಚರಿತ್ರೆಯನ್ನು ಜಾತಿಯ ಮೇಲುಕೀಳಿನ ವಿರುದ್ಧದ ಕಾವ್ಯವೆಂದು ಓದುತ್ತೇವೆ, ಸರಿಯಾದ ಓದೇ ಅದು. ಅದರ ಜೊತೆಗೆ ಹಗೇವು ಕಂಡವರ ಕಣ್ಣಿನಿಂದಲೂ ಅದನ್ನು ಓದಬಹುದು. ಭತ್ತ, ರಾಗಿಗಳ ನಡುವೆ ಯಾವುದು ಮೇಲು ಎಂಬ ಜಗಳ ಬಂದಾಗ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಬಾಡಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ. ಯಾವ ಧಾನ್ಯ ಕೂಡಿಟ್ಟರೆ ಉಳಿಯುತ್ತದೆ ಎಂಬುದೇ ತೀರ್ಪಿಗೆ ಆಧಾರ. ಬರ ಮೇಲಿಂದ ಮೇಲೆ ಬರುವ ನೆಲದಲ್ಲಿ ಹುಟ್ಟಿದ ಕವಿಗೆ ಮಾತ್ರ ಹೊಳೆಯುವ ಪರೀಕ್ಷೆಯಿದು.

ಆ ಪದ್ಧತಿಯೂ ಸೋತ ಕಾಲವೊಂದಿದೆ. 1876ರಿಂದ 1878ರವರೆಗಿನ ಮಹಾಬರದಲ್ಲಿ ಮಳೆ ಒಂದರ ಮೇಲೊಂದು ವರ್ಷ ತಪ್ಪಿತು. ಹಗೇವುಗಳು ಬರಿದಾದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರ ಗಣತಿಯಲ್ಲಿ ಅದು 42 ಲಕ್ಷದಷ್ಟೂ ಇರಲಿಲ್ಲ. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಊರುಗಳು ಹಾಳುಬಿದ್ದವು. ಬೆಂಗಳೂರು–ಮೈಸೂರು ರೈಲು ದಾರಿ ಬರಪರಿಹಾರದ ಕಾಮಗಾರಿಯಾಗಿ ಶುರುವಾದದ್ದು. ಹೆಬ್ಬಾಳದ 30 ಎಕರೆಯನ್ನು ನಾನು ಈ ಬರದ ಹಿನ್ನೆಲೆಯಲ್ಲಿಟ್ಟೇ ನೋಡುತ್ತೇನೆ. ಇಪ್ಪತ್ತು ವರ್ಷದ ಹಿಂದಷ್ಟೇ ಇಷ್ಟು ಜನರನ್ನು ಕಳೆದುಕೊಂಡ ರಾಜ್ಯಕ್ಕೆ ಮಣ್ಣಿನ ಬಗ್ಗೆ ತಿಳಿದುಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಲೆಹ್ಮನ್ ನಂತರ ಬಂದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಕೀಟ ಮತ್ತು ಶಿಲೀಂಧ್ರಗಳ ತಜ್ಞರಾಗಿ ಬಂದು, 1913ರಲ್ಲಿ ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನವರು ಅವರನ್ನು ಅಡಿಕೆಯ ಕೊಳೆರೋಗಕ್ಕೆ ಔಷಧ ಕೊಟ್ಟವರೆಂದು ನೆನೆಯುತ್ತಾರೆ, ಕಾಫಿಯವರು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕಾಗಿ. ಬಯಲುಸೀಮೆಯವರಾದ ನಮಗೆ ಅವರು ರಾಗಿಯನ್ನು ಸಂಶೋಧನೆಗೆ ಯೋಗ್ಯವಾದ ಬೆಳೆಯೆಂದು ಕಂಡ ಅಧಿಕಾರಿ. ಹೆಬ್ಬಾಳದಲ್ಲಿ ಆಯ್ಕೆ ಮಾಡಿದ ಎಚ್-22 ಎಂಬ ರಾಗಿ ತಳಿ 1918ರಲ್ಲಿ ಹೊರಬಂತು. 1920ರಲ್ಲಿ ಮೈಸೂರಿನ ರಾಗಿ ಬೇಸಾಯದ ಮೇಲೆಯೇ ಅವರು ಒಂದು ಪುಸ್ತಿಕೆ ಬರೆದರು. ಅಧಿಕಾರದಲ್ಲಿದ್ದವರು ಹತ್ತಿ, ಕಬ್ಬು, ಕಾಫಿಯ ಕಡೆಗೆ ನೋಡುತ್ತಿದ್ದ ಕಾಲದಲ್ಲಿ ಬಡವರ ಅನ್ನದ ಬಗ್ಗೆ ಹಾಗೆ ಬರೆಯುವುದು ಸಣ್ಣ ಮಾತಲ್ಲ.

ಆದರೆ ಎಚ್-22 ಇದ್ದ ತಳಿಗಳಿಂದ ಆರಿಸಿ ತೆಗೆದದ್ದು. ಒಳ್ಳೆಯ ತೆನೆ ಕಂಡರೆ ಬೇರೆ ಕಟ್ಟಿ ಬೀಜಕ್ಕಿಡುವ ಕೆಲಸವನ್ನು ನಮ್ಮ ಹೆಂಗಸರೂ ಮಾಡುತ್ತಿದ್ದರು. ಉಂಡೆ ರಾಗಿ, ಕರಿಗಿಡ್ಡ, ಮಜ್ಜಿಗೆ ರಾಗಿ, ಕೋಣಕೊಂಬಿನ ರಾಗಿ ಎಂಬ ಹೆಸರುಗಳೆಲ್ಲ ಹಾಗೆ ಆರಿಸಿದವರು ಇಟ್ಟವು. ಎರಡು ತಳಿಗಳನ್ನು ಕೂಡಿಸಿ ಮೂರನೆಯದನ್ನು ಹುಟ್ಟಿಸುವುದು ಬೇರೆಯೇ ವಿದ್ಯೆ. ಅದು ರಾಗಿಯಲ್ಲಿ ಬಹುಕಾಲ ಕೈಗೆ ಹತ್ತಿರಲಿಲ್ಲ. ರಾಗಿಯ ಹೂವು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಅರಳುವುದು ಬೆಳಗಿನ ಜಾವದ ಕತ್ತಲಲ್ಲಿ. ತನ್ನ ಪರಾಗದಿಂದಲೇ ತಾನು ಗರ್ಭಕಟ್ಟುವ ಹೂವು ಅದು, ಹೊರಗಿನ ಪರಾಗ ಸೇರುವುದು ನೂರಕ್ಕೆ ಒಂದೂ ಇಲ್ಲ. ಅದರ ಕೇಸರವನ್ನು ತೆಗೆದು ಬೇರೆ ತಳಿಯ ಪರಾಗ ಮುಟ್ಟಿಸುವುದೆಂದರೆ ಕಣ್ಣು, ಕೈ, ತಾಳ್ಮೆ ಮೂರನ್ನೂ ಸವೆಸುವ ಕೆಲಸ.

ಆ ಕೆಲಸವನ್ನು ಬದುಕೆಲ್ಲ ಮಾಡಿದವರು ಸಿ.ಎಚ್. ಲಕ್ಷ್ಮಣಯ್ಯ. ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ 1921ರಲ್ಲಿ ಹುಟ್ಟಿದವರು, ದುಡಿದದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಮಂಡ್ಯ ಎಂದರೆ ಕನ್ನಂಬಾಡಿ ಕಟ್ಟೆಯ ನಾಲೆ ಬಂದ ಮೇಲೆ ಭತ್ತಕ್ಕೂ ಕಬ್ಬಿಗೂ ಹೆಸರಾದ ಊರು. ಅಂಥಲ್ಲಿ ಕೂತು ಅವರು ಮಳೆಯ ಬೆಳೆಯಾದ ರಾಗಿಯ ಹೂವನ್ನು ಹಿಡಿದರು. 1951ರಿಂದ 1964ರ ನಡುವೆ ಅವರ ಕೈಯಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಬಂದವು. ಅಷ್ಟಕ್ಕೇ ನಿಲ್ಲಲಿಲ್ಲ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ, ಇಥಿಯೋಪಿಯ ಉಗಾಂಡಗಳ ಕಡೆಯದು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದು ನಮ್ಮದಾದ ಬೆಳೆ. ಆ ತವರಿನಲ್ಲೇ ಉಳಿದ ಅಕ್ಕತಂಗಿಯರನ್ನು ಲಕ್ಷ್ಮಣಯ್ಯ ಮತ್ತೆ ಕರೆಸಿಕೊಂಡರು. ಆಫ್ರಿಕದ ರಾಗಿಗೆ ದಪ್ಪ ತೆನೆ, ಗಟ್ಟಿ ದಂಟು. ಇಲ್ಲಿಯದಕ್ಕೆ ಹೆಚ್ಚು ತೆಂಡೆ, ಬೇಗ ಮಾಗುವ ಗುಣ. ಎರಡನ್ನೂ ಕೂಡಿಸಿ 1970ರ ದಶಕದಿಂದ ಅವರು ಕೊಟ್ಟ ಇಂಡಾಫ್ ತಳಿಗಳ ಹೆಸರಿನಲ್ಲೇ ಇಂಡಿಯಾ ಮತ್ತು ಆಫ್ರಿಕ ಎರಡೂ ಇವೆ. ಇಂಡಾಫ್-5, ಇಂಡಾಫ್-7, ಇಂಡಾಫ್-8, ಇಂಡಾಫ್-9 ಎಂದು ಮುಂಗಾರಿಗೊಂದು ಹಿಂಗಾರಿಗೊಂದು ಬಂದ ಆ ಬೀಜಗಳು ಒಣಬೇಸಾಯದ ರೈತರ ಇಳುವರಿಯನ್ನು ಹತ್ತಿರಹತ್ತಿರ ಇಮ್ಮಡಿ ಮಾಡಿದವು.

ಹಸಿರು ಕ್ರಾಂತಿಯ ಚರಿತ್ರೆಯಲ್ಲಿ ಗೋಧಿ, ಭತ್ತದ ಹೆಸರಿದೆ. ಅವಕ್ಕೆ ನಾಲೆಯ ನೀರಿತ್ತು, ಸರ್ಕಾರದ ದುಡ್ಡಿತ್ತು, ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳಿದ್ದವು. ಆಕಾಶ ನೋಡಿ ಬಿತ್ತುವವರ ಬೆಳೆಗೆ ಒಬ್ಬ ಲಕ್ಷ್ಮಣಯ್ಯ ಇದ್ದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. 1993ರಲ್ಲಿ ತೀರಿಕೊಂಡರು. ಅವರ ತಳಿಗಳ ರಕ್ತವೇ ಮುಂದಿನ ತಳಿಗಳಲ್ಲೂ ಹರಿಯಿತು. ಬೆಂಕಿ ರೋಗಕ್ಕೆ ಬಗ್ಗದೆ 1990ರ ದಶಕದ ಕೊನೆಯಿಂದ ರೈತರ ಹೊಲ ತುಂಬಿದ ಜಿಪಿಯು-28 ರಾಗಿಯ ಹೆತ್ತವರಲ್ಲಿ ಇಂಡಾಫ್-5 ಮತ್ತು ಇಂಡಾಫ್-9 ಎರಡೂ ಇವೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಮನುಷ್ಯನಿಗೆ ಒಂದು ಪಾಠ ಇರಲೇಬೇಕು ಎಂದು ನಾನು ಸಿಕ್ಕ ಸಿಕ್ಕ ಮೇಷ್ಟರಿಗೆಲ್ಲ ಹೇಳುತ್ತೇನೆ.

ಬೀಜ ಗೆದ್ದಿತು. ಬೀಜದ ಸುತ್ತ ಇದ್ದದ್ದು ಏನಾಯಿತು?

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಯ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಕೂಲಿಯಾಳಿನ ತಂಟೆಯಿಲ್ಲ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕಡಿದು ಮಾರಬಹುದು. ಊರಿನಲ್ಲಿ ಇಲ್ಲದ ಜಮೀನುದಾರರಿಗೆ ಅದು ಅನುಕೂಲ, ಅದೇ ಹೊಲದಲ್ಲಿ ಕಳೆ ಕಿತ್ತು ರಾಗಿ ತರುತ್ತಿದ್ದ ಕೂಲಿಯವರಿಗೆ ಹೊಟ್ಟೆಯ ಮೇಲೆ ಹೊಡೆತ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿದರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ನಡುವಿನ 34 ವರ್ಷದಲ್ಲಿ ಎಷ್ಟೋ ಹೊಲಗಳು ರಾಗಿಯನ್ನು ಮರೆತಿದ್ದವು.

ಅದೇ ಹೊತ್ತಿಗೆ ನ್ಯಾಯಬೆಲೆ ಅಂಗಡಿಯ ಅಕ್ಕಿ ಹಳ್ಳಿಯ ಊಟವನ್ನು ಬದಲಿಸಿತು. ಹಸಿವು ನೀಗಿದ ಆ ಅಕ್ಕಿಯನ್ನು ನಾನು ದೂರುವುದಿಲ್ಲ. ರಾಗಿಯನ್ನೂ ಅದರ ಜೊತೆ ಕೊಡಬೇಕೆಂದು ಸರ್ಕಾರಗಳಿಗೆ ತಿಳಿಯಲು ಅಷ್ಟು ಕಾಲ ಬೇಕಾಗಿರಲಿಲ್ಲ. ಈಗ ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರದಲ್ಲಿ ರಾಗಿ ಸಿಗುತ್ತದೆ, ಬೆಂಬಲ ಬೆಲೆಯೂ ಏರಿದೆ. 2018–19ರಲ್ಲಿ ಕ್ವಿಂಟಲಿಗೆ 2,897 ರೂಪಾಯಿ ಇದ್ದದ್ದು 2025–26ಕ್ಕೆ 4,886 ರೂಪಾಯಿ ಆಗಿದೆ. ಒಣಬೇಸಾಯದವರ ಕೈಗೆ ಈ ದುಡ್ಡು ಸೇರಿದ್ದು ಕಂಡು ನನಗೆ ನಿಜವಾದ ಸಂತೋಷವಿದೆ.

ಆದರೆ ಬೆಲೆ ಸಿಕ್ಕಿದ್ದು ರಾಗಿಯ ಕಾಳಿಗೆ, ರಾಗಿಯ ಹೊಲಕ್ಕೆ ಅಲ್ಲ. ಖರೀದಿ ಕೇಂದ್ರಕ್ಕೆ ರಾಗಿಯ ಮೂಟೆ ಬೇಕು. ಅವರೆಗೆ ಬೆಂಬಲ ಬೆಲೆಯೇ ಇಲ್ಲ. ಹುಚ್ಚೆಳ್ಳಿಗೆ, ತೊಗರಿಗೆ ಬೆಲೆ ಘೋಷಣೆಯಾದರೂ ಅಕ್ಕಡಿಯಲ್ಲಿ ಬೆಳೆದ ಒಂದು ಚೀಲ ಹೊತ್ತು ಕೇಂದ್ರದ ಮುಂದೆ ಸಾಲು ನಿಲ್ಲುವವರು ಯಾರು? ಕೊಯ್ಲಿಗೆ ಯಂತ್ರ ಬಂದಿದೆ, ಅದು ಒಂದೇ ಬೆಳೆಯ, ಒಂದೇ ಎತ್ತರದ ಹೊಲವನ್ನು ಕೇಳುತ್ತದೆ, ರಾಗಿಯ ನಡುವೆ ಹಸಿರಾಗಿ ನಿಂತ ತೊಗರಿಯನ್ನು ಬಿಟ್ಟು ಕೊಯ್ಯಲು ಅದಕ್ಕೆ ಬರುವುದಿಲ್ಲ. ಕಳೆನಾಶಕ ಬಂದಿದೆ, ಅಗಲ ಎಲೆಯ ಕಳೆಯನ್ನು ಕೊಲ್ಲುವ ಔಷಧ ಅವರೆಯನ್ನೂ ಅಲಸಂದೆಯನ್ನೂ ಕೊಲ್ಲುತ್ತದೆ. ಕೂಲಿ ಸಿಗದ ಊರಿನಲ್ಲಿ ರೈತ ಇವನ್ನು ಬಳಸಿದರೆ ಅವನನ್ನು ಬೈದು ಪ್ರಯೋಜನವಿಲ್ಲ. ಸಡ್ಡೆ ಹಿಡಿಯುತ್ತಿದ್ದ ಹೆಂಗಸರು ಇಂದು ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತಾರೆ, ಅವರ ದುಡಿಮೆಗೆ ಹೊಲ ಕೊಡದ ಬೆಲೆಯನ್ನು ಅದು ಕೊಡುತ್ತದೆ. ಹೀಗೆ ಬೇರೆಬೇರೆ ಕಾರಣಕ್ಕೆ ಅಕ್ಕಡಿ ಸಾಲು ಹೊಲದಿಂದ ಎದ್ದುಹೋಯಿತು. ನಾವು ಹೆಚ್ಚು ರಾಗಿ ಬೆಳೆದು, ಬೇಳೆಯನ್ನು ಅಂಗಡಿಯಿಂದ ತರುವವರಾದೆವು. ದೇಶ ಆ ತೊಗರಿಯಲ್ಲಿ ಒಂದು ಭಾಗವನ್ನು ಆಫ್ರಿಕದಿಂದಲೂ ಬರ್ಮಾದಿಂದಲೂ ಆಮದು ಮಾಡಿಕೊಳ್ಳುತ್ತದೆ.

ಇದರಲ್ಲಿ ವಿಜ್ಞಾನಿಗಳ ಪಾಲಿನ ನ್ಯಾಯವನ್ನೂ ಹೇಳಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಲ್ಲಿ ರಾಗಿಯ ಮೇಲೆ ಒಂದು ದೀರ್ಘಕಾಲದ ಪ್ರಯೋಗ ಶುರುವಾಯಿತು. ಒಂದು ತಾಕಿಗೆ ಏನೂ ಹಾಕುವುದಿಲ್ಲ. ಇನ್ನೊಂದಕ್ಕೆ ರಾಸಾಯನಿಕ ಗೊಬ್ಬರ ಮಾತ್ರ. ಮತ್ತೊಂದಕ್ಕೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ, ಮಗದೊಂದಕ್ಕೆ ಎರಡನ್ನೂ ಸೇರಿಸಿ. ವರ್ಷವರ್ಷವೂ ಅದೇ ತಾಕು, ಅದೇ ಕ್ರಮ. ಏನೂ ಹಾಕದ ತಾಕು ಸೊರಗಿತು, ಅದು ಯಾರಾದರೂ ಊಹಿಸಬಹುದಾದ ಮಾತು. ಬರೀ ರಾಸಾಯನಿಕ ಗೊಬ್ಬರ ಉಂಡ ತಾಕಿನ ಇಳುವರಿಯೂ ವರ್ಷಗಳು ಹೋದಂತೆ ಇಳಿಯಿತು. ಕೊಟ್ಟಿಗೆ ಗೊಬ್ಬರವನ್ನೂ ರಾಸಾಯನಿಕ ಗೊಬ್ಬರವನ್ನೂ ಜೊತೆಗೆ ಕೊಟ್ಟ ತಾಕು ಎಲ್ಲಕ್ಕಿಂತ ಹೆಚ್ಚು ಕೊಟ್ಟಿತು, ಮಳೆ ಏರುಪೇರಾದ ವರ್ಷಗಳಲ್ಲೂ ಸ್ಥಿರವಾಗಿ ನಿಂತಿತು. ಲೆಹ್ಮನ್ ಕೇಳಿದ ಪ್ರಶ್ನೆಗೆ ಸಿಕ್ಕ ಅತ್ಯಂತ ಗಟ್ಟಿ ಉತ್ತರ ಇದು ಎಂಬುದು ನನ್ನ ಅಭಿಪ್ರಾಯ. ಮೂರು ವರ್ಷದ ಯೋಜನೆಗಳಿಂದ ಇಂಥ ಉತ್ತರ ಹುಟ್ಟುವುದಿಲ್ಲ, ಅದಕ್ಕೆ ದಶಕಗಳ ಕಾಲ ಒಂದೇ ನೆಲವನ್ನು ಬಿಡದೆ ನೋಡುವವರು ಬೇಕು.

ಅಕ್ಕಡಿಯನ್ನೂ ಅವರು ಮರೆಯಲಿಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೆ ಎಂಟು ಸಾಲಿಗೆ ಒಂದು ಸಾಲು ಅವರೆ ಎಂಬ ಶಿಫಾರಸು ಪ್ರಯೋಗ ಮಾಡಿ ನೋಡಿಯೇ ಬಂದದ್ದು. ಕೃಷಿ ಇಲಾಖೆಯ ಕೈಪಿಡಿಯಲ್ಲಿ ಅದು ಇಂದಿಗೂ ಅಚ್ಚಾಗುತ್ತದೆ. ಸಡ್ಡೆ ಹಿಡಿದವರು ನೂರಾರು ವರ್ಷ ಮಾಡಿದ್ದೂ ವಿಶ್ವವಿದ್ಯಾಲಯ ಅಳೆದು ಹೇಳಿದ್ದೂ ಒಂದೇ ಆಗಿರುವಾಗ, ಜ್ಞಾನದ ಕೊರತೆಯಿಂದ ನಾವು ಸೋತೆವು ಎನ್ನಲಾಗದು. ಗೊತ್ತಿದ್ದದ್ದಕ್ಕೆ ಬೆಲೆ ಕಟ್ಟಲಿಲ್ಲ, ಅಷ್ಟೇ.

ಪ್ರಯೋಗಾಲಯದಲ್ಲಿ ನನ್ನ ಮೇಜಿನ ಮೇಲೆ ಬಂದ ಮಣ್ಣಿನ ಪೊಟ್ಟಣಗಳಲ್ಲಿ ಇದರ ಫಲ ಕಾಣುತ್ತಿತ್ತು. ಸಾವಯವ ಇಂಗಾಲ ನೂರಕ್ಕೆ ಅರ್ಧಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಬರೆಯುವುದು ನಮ್ಮ ಕ್ರಮ. ಮಳೆಯಾಶ್ರಿತ ಕೆಂಪು ಮಣ್ಣಿನ ಚೀಟಿಗಳಲ್ಲಿ ಆ ಮಾತನ್ನೇ ಬರೆದು ಬರೆದು ಕೈ ಸೋಲುತ್ತಿತ್ತು. ದನ ಮಾರಿದ ಮನೆಯಲ್ಲಿ ತಿಪ್ಪೆಯಿಲ್ಲ, ತಿಪ್ಪೆಯಿಲ್ಲದ ಹೊಲದಲ್ಲಿ ಇಂಗಾಲವಿಲ್ಲ, ಇಂಗಾಲವಿಲ್ಲದ ಮಣ್ಣು ಬಿದ್ದ ಮಳೆಯನ್ನು ಹಿಡಿದಿಡುವುದಿಲ್ಲ. ಯೂರಿಯಾ ಕೊಟ್ಟ ಕೂಡಲೇ ಪೈರು ಹಸಿರಾಗುತ್ತದೆ, ಹದಿನೈದು ದಿನ ಮಳೆ ತಪ್ಪಿದರೆ ಅದೇ ಪೈರು ಮೊದಲು ಬಾಡುತ್ತದೆ. ರೈತರು ಬಂದು, "ಏನಕ್ಕ, ಗೊಬ್ಬರ ಕಮ್ಮಿ ಮಾಡಿಲ್ಲ, ಬೀಜವೂ ಒಳ್ಳೇದೇ, ಯಾಕಿಂಗಾಯ್ತದೆ?" ಎಂದು ಕೇಳಿದರೆ ಮೊದಲು ನಾನು ಅವರನ್ನು ಕೇಳುತ್ತಿದ್ದುದು ಮನೆಯಲ್ಲಿ ಎಷ್ಟು ರಾಸುಗಳಿವೆ ಎಂದು.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು, ಅದರ ಪ್ರಸ್ತಾಪ ಭಾರತದ್ದೇ. ರಾಗಿ ಬಿಸ್ಕತ್ತು, ರಾಗಿ ಮಾಲ್ಟ್, ರಾಗಿ ದೋಸೆಯ ಪುಡಿ ಪೇಟೆಯ ಅಂಗಡಿಗಳಿಗೆ ಬಂದವು. ಒಳ್ಳೆಯದೇ ಆಯಿತು. ಆದರೆ ರಾಗಿಯನ್ನೇ ಒಂಟಿ ಬೆಳೆಯಾಗಿ, ಯೂರಿಯಾದ ಮೇಲೆ, ಕಳೆನಾಶಕದ ಮೇಲೆ ಬೆಳೆದು ಪೊಟ್ಟಣ ಕಟ್ಟಿದರೆ ಅದು ಸುಸ್ಥಿರವಾಗುವುದಿಲ್ಲ. ಬರಗಾಲಕ್ಕೆ ತಡೆಯುವ ಶಕ್ತಿ ರಾಗಿಯ ಕಾಳಿನಲ್ಲಿ ಅರ್ಧ ಇದೆ, ಮಿಕ್ಕರ್ಧ ಇದ್ದದ್ದು ಪಕ್ಕದ ಸಾಲಿನಲ್ಲಿ, ಕೊಟ್ಟಿಗೆಯಲ್ಲಿ, ಹಗೇವಿನಲ್ಲಿ.

ಸಂಶೋಧಕರಿಗೆ ನಾನು ಕೇಳುವುದಿಷ್ಟೆ. ಅಕ್ಕಡಿ ಸಾಲಿನ ನಡುವೆ ಕೊಯ್ಯಬಲ್ಲ ಸಣ್ಣ ಯಂತ್ರವೊಂದನ್ನು ಮಾಡಿಕೊಡಿ. ಸಡ್ಡೆ ಹಿಡಿಯುವ ಕೈ ಸಿಗದ ಕಾಲಕ್ಕೆ ರಾಗಿಯನ್ನೂ ತೊಗರಿಯನ್ನೂ ಒಟ್ಟಿಗೆ ಬಿತ್ತುವ ಕೂರಿಗೆಯನ್ನು ಪ್ರತಿ ಹೋಬಳಿಯಲ್ಲಿ ಬಾಡಿಗೆಗೆ ಸಿಗುವಂತೆ ಮಾಡಿ. ಎಕರೆಗೆ ಎಷ್ಟು ಕ್ವಿಂಟಲ್ ರಾಗಿ ಎಂದು ಬರೆಯುವ ಕಡೆ, ಆ ಎಕರೆ ಒಂದು ಮನೆಗೆ ಎಷ್ಟು ತಿಂಗಳ ಊಟ ಕೊಟ್ಟಿತು ಎಂಬುದನ್ನೂ ಬರೆಯಿರಿ. ಸರ್ಕಾರ ಅವರೆಗೆ ಬೆಲೆ ಕಟ್ಟಲಿ, ಖರೀದಿ ಕೇಂದ್ರಗಳು ರಾಗಿಯ ಜೊತೆ ಅಕ್ಕಡಿಯ ಕಾಳನ್ನೂ ಕೊಳ್ಳಲಿ. ಅಂಗನವಾಡಿಗೂ ಶಾಲೆಯ ಬಿಸಿಯೂಟಕ್ಕೂ ಅದೇ ತಾಲ್ಲೂಕಿನ ಕಾಳು ಹೋದರೆ ಲಾರಿ ಬಾಡಿಗೆಯೂ ಉಳಿಯುತ್ತದೆ.

ಇದೆಲ್ಲ ಆಗುವವರೆಗೆ ಕಾಯಬೇಕಿಲ್ಲ. ಈ ಮುಂಗಾರಿನಲ್ಲಿ ರಾಗಿ ಬಿತ್ತುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೇ ಒಂದು ಎಕರೆಯಲ್ಲಾದರೂ ಎಂಟು ಸಾಲು ರಾಗಿಯಾದ ಮೇಲೆ ಎರಡು ಸಾಲು ತೊಗರಿ ಬಿಡಿ, ಬದುವಿನ ಉದ್ದಕ್ಕೆ ಹುಚ್ಚೆಳ್ಳು ಚೆಲ್ಲಿ. ಬಿತ್ತುವ ಮೊದಲು ಒಂದು ಗಾಡಿಯಾದರೂ ತಿಪ್ಪೆ ಗೊಬ್ಬರ ಆ ಎಕರೆಗೆ ಬೀಳಲಿ.